ಅದ್ಭುತ ಕಟ್ಟಿದರೆ ಲಾಭವೇ?

ಕಂಪ್ಯೂಟರಿನಲ್ಲಿ ರಾಜ್ಯ ಕಟ್ಟುವ 'ಸಿವಿಲೈಸೇಶನ್' ಆಟ ಬಂದದ್ದು 1991ರಲ್ಲಿ. ಅದರಲ್ಲಿ ಪಿರಮಿಡ್ಡು, ತೂಗುತೋಟ ಮೊದಲಾದ 21 ಅದ್ಭುತಗಳು. ಒಂದೊಂದನ್ನೂ ಇಡೀ ಲೋಕದಲ್ಲಿ ಒಬ್ಬರೇ ಕಟ್ಟಬಹುದು.

ಮಹಾ ಗ್ರಂಥಾಲಯ ಕಟ್ಟಿದವರಿಗೆ, ಬೇರೆ ಎರಡು ರಾಜ್ಯಗಳು ಕಲಿತ ವಿದ್ಯೆ ತಾನಾಗಿ ಬರುತ್ತದೆ. ಆದರೆ ವಿಶ್ವವಿದ್ಯಾಲಯದ ಕಾಲ ಬಂದಾಗ ಆ ಫಲ ನಿಲ್ಲುತ್ತದೆ.

ಇದು ಬ್ಯಾಂಕಿನ ಮುದ್ದತು ಠೇವಣಿಯಂತೆ. ಬಡ್ಡಿಯುಂಟು, ಅಲ್ಲಿಯವರೆಗೆ ಕೈ ಬಿಗಿ. ಅದ್ಭುತಕ್ಕೆ ದುಡಿಯುವ ಊರು ಆ ಹೊತ್ತಿನಲ್ಲಿ ಕಣಜವನ್ನಾಗಲಿ ಕಾವಲು ಪಡೆಯನ್ನಾಗಲಿ ಕಟ್ಟಲಾರದು. ಬೇರೆ ಊರುಗಳಿಂದ ವರ್ತಕರ ತಂಡ ಕಳಿಸಿದರೆ ಕೆಲಸ ಬೇಗ ಮುಗಿಯುತ್ತದೆ. ನೆರೆಯವನು ಮೊದಲು ಮುಗಿಸಿದರೆ ಅದ್ಭುತ ಕೈತಪ್ಪಿತು. ಕಾವಲಿಲ್ಲದ ಊರನ್ನು ಶತ್ರು ಗೆದ್ದರೆ ಕಟ್ಟಿದ ಅದ್ಭುತವೂ ಅವನದೇ.

ಆದ್ದರಿಂದ ಮೊದಲು ಅನ್ನ, ಆಮೇಲೆ ಕಾವಲು, ಅನಂತರ ಬಹುಕಾಲ ಫಲ ಕೊಡುವ ಒಂದು ಅದ್ಭುತ. ಆಡುವ ಮಕ್ಕಳಿಗೆ ಇಷ್ಟು ಹೇಳಿ.