ವಿಮಾನದ ಯಜಮಾನ ಯಾರು?

2021ರ ಅಕ್ಟೋಬರ್‌ನಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಎಲ್ಲ ಇಲಾಖೆಗಳಿಗೂ ಒಂದು ಸೂಚನೆ ಕಳಿಸಿತು: ಏರ್ ಇಂಡಿಯಾದ ಹಳೇ ಬಾಕಿ ಕೂಡಲೇ ತೀರಿಸಿ, ಇನ್ನು ಮುಂದೆ ನಗದು ಕೊಟ್ಟೇ ಟಿಕೆಟ್ ಕೊಳ್ಳಿ. ಸಂಸ್ಥೆಯನ್ನು ಟಾಟಾ ಸಮೂಹಕ್ಕೆ ಮಾರುವುದು ಆಗಷ್ಟೇ ನಿಶ್ಚಯವಾಗಿತ್ತು. ಯಜಮಾನನೇ ಉದ್ರಿ ಬರೆಸುವ ಅಂಗಡಿಯಲ್ಲಿ ಗಲ್ಲಾ ತುಂಬುವುದು ಕಷ್ಟ.

ಉದ್ರಿ ಸಣ್ಣ ರೋಗ. 2005–06ರ ಸುಮಾರಿಗೆ ಏರ್ ಇಂಡಿಯಾ 68 ಬೋಯಿಂಗ್, ಇಂಡಿಯನ್ ಏರ್‌ಲೈನ್ಸ್ 43 ಏರ್‌ಬಸ್ ವಿಮಾನಗಳಿಗೆ ಆರ್ಡರ್ ಕೊಟ್ಟವು, ಬಹುಪಾಲು ಸಾಲದ ಬಲದ ಮೇಲೆ. 2007ರಲ್ಲಿ ಎರಡನ್ನೂ ಒಂದು ಮಾಡಿದಾಗ ಸಂಬಳ, ಬಡ್ತಿಗಳ ಜಗಳವೂ ಜತೆಗೇ ಬಂತು. 2012ರಲ್ಲಿ ಸುಮಾರು 30,000 ಕೋಟಿ ರೂಪಾಯಿಯ ನೆರವಿನ ಯೋಜನೆ ಮಂಜೂರಾಯಿತು. ಆದರೂ 2018ರಲ್ಲಿ ಶೇ 76ರಷ್ಟು ಪಾಲನ್ನು ಮಾರಾಟಕ್ಕಿಟ್ಟಾಗ ಒಬ್ಬರೂ ಬಿಡ್ ಸಲ್ಲಿಸಲಿಲ್ಲ. ಕೊನೆಗೆ ಟಾಟಾ ಒಪ್ಪಿದ್ದು 18,000 ಕೋಟಿಗೆ. ಅದರಲ್ಲಿ ಸರ್ಕಾರದ ಕೈಗೆ ಬಂದ ನಗದು 2,700 ಕೋಟಿ, ಉಳಿದದ್ದು ಹೆಗಲು ಬದಲಿಸಿದ ಸಾಲ.

ಇಷ್ಟಕ್ಕೇ ಸರ್ಕಾರ ಕೆಟ್ಟ ಯಜಮಾನ ಎಂದು ತೀರ್ಪು ಕೊಡುವುದು ಅವಸರ. 1953ರಲ್ಲಿ ರಾಷ್ಟ್ರೀಕರಣವಾದ ಮೇಲೂ 1978ರವರೆಗೆ ಏರ್ ಇಂಡಿಯಾದ ಅಧ್ಯಕ್ಷರಾಗಿದ್ದವರು ಜೆ.ಆರ್‌.ಡಿ. ಟಾಟಾ. ಜಗತ್ತು ಅದನ್ನು ಮೆಚ್ಚಿದ್ದು ಆ ಕಾಲದಲ್ಲೇ. ಒಡೆತನ ಸರ್ಕಾರದ್ದು, ಚುಕ್ಕಾಣಿ ಕಸುಬು ಬಲ್ಲವರದ್ದು.

ಸಿಂಗಪುರ ಏರ್‌ಲೈನ್ಸಿನಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಅಲ್ಲಿನ ಸರ್ಕಾರದ ಹೂಡಿಕೆ ಸಂಸ್ಥೆ ಟೆಮಾಸೆಕ್‌ನದು. ಆದರೂ ಅದು ಜಗತ್ತಿನ ಅತ್ಯುತ್ತಮ ವಿಮಾನ ಸಂಸ್ಥೆಗಳ ಸಾಲಿನಲ್ಲಿದೆ. ಊರಷ್ಟು ಚಿಕ್ಕ ದೇಶ, ದೇಶದೊಳಗೆ ಹಾರಲು ಜಾಗವೇ ಇಲ್ಲ. ಹಾಗಾಗಿ 1972ರ ಆರಂಭದಿಂದಲೇ ಪರದೇಶದ ಕಂಪನಿಗಳ ಜತೆ ಸೆಣಸದೆ ಗತಿಯಿರಲಿಲ್ಲ. ದಿನನಿತ್ಯದ ನಿರ್ಧಾರಕ್ಕೆ ಮಂತ್ರಿಗಳು ಕೈ ಹಾಕುವುದಿಲ್ಲ. ಹಾಗೆಂದು ಯಜಮಾನನ ಆಸರೆ ಇಲ್ಲವೆಂದಲ್ಲ: 2020ರ ಕೋವಿಡ್‌ನಲ್ಲಿ ವಿಮಾನಗಳೆಲ್ಲ ನೆಲ ಹಿಡಿದಾಗ ಬಂಡವಾಳಕ್ಕೆ ಬೆಂಬಲವಾಗಿ ನಿಂತದ್ದು ಇದೇ ಟೆಮಾಸೆಕ್.

ಖಾಸಗಿಯವರ ಕಥೆಗೆ ಬೆಂಗಳೂರು ಸಾಕು. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಹಾರಿಸಿ, ವಿಮಾನ ಹತ್ತುವುದನ್ನು ಕನಸಲ್ಲೂ ನೆನೆಯದವರನ್ನು ಹತ್ತಿಸಿದರು. ಟಿಕೆಟ್ ಅಗ್ಗವಾಯಿತು, ನಷ್ಟ ಬೆಳೆಯಿತು. 2007ರಲ್ಲಿ ವಿಜಯ್ ಮಲ್ಯ ಅವರ ಕಿಂಗ್‌ಫಿಷರ್ ಅದನ್ನು ನುಂಗಿತು. ವಿದೇಶಕ್ಕೆ ಹಾರಲು ಐದು ವರ್ಷದ ಅನುಭವ ಬೇಕೆಂಬ ನಿಯಮವಿತ್ತು. 2005ರಲ್ಲಷ್ಟೇ ಹುಟ್ಟಿದ ಕಿಂಗ್‌ಫಿಷರ್‌ಗೆ ಡೆಕ್ಕನ್ ಅಡ್ಡದಾರಿಯಾಯಿತು. ಮರುವರ್ಷವೇ ಬೆಂಗಳೂರಿನಿಂದ ಲಂಡನ್‌ಗೆ ಹಾರಾಟ. ಲಾಭವನ್ನು ಮಾತ್ರ ಸಂಸ್ಥೆ ಒಂದು ವರ್ಷವೂ ಕಾಣಲಿಲ್ಲ. 2012ರ ಅಕ್ಟೋಬರ್‌ನಲ್ಲಿ ನಿಂತೇಹೋಯಿತು. ನೌಕರರ ತಿಂಗಳುಗಟ್ಟಲೆ ಸಂಬಳ ಬಾಕಿ, ಬ್ಯಾಂಕುಗಳಿಗೆ ಸಾವಿರಾರು ಕೋಟಿ ಬಾಕಿ. ಆ ಬ್ಯಾಂಕುಗಳಲ್ಲಿ ಬಹುಪಾಲು ಸರ್ಕಾರದವೇ. ಹೆಸರಿಗೆ ಖಾಸಗಿ, ನಷ್ಟದ ಹೊರೆ ಸಾರ್ವಜನಿಕ!

2006ರಲ್ಲಿ ಶುರುವಾದ ಇಂಡಿಗೊ ಕೂಡ ಖಾಸಗಿಯೇ. ಅದು ಮೊದಲ ಹತ್ತು ವರ್ಷ ಒಂದೇ ಕುಟುಂಬದ ಏರ್‌ಬಸ್‌ಗಳಿಗೆ ಅಂಟಿಕೊಂಡಿತು, ವಿಮಾನ ಮಾರಿ ಗುತ್ತಿಗೆಗೆ ಪಡೆಯಿತು, ಪುಕ್ಕಟೆ ಊಟದ ಗೊಡವೆಗೆ ಹೋಗಲಿಲ್ಲ.

ಕಿಂಗ್‌ಫಿಷರ್ ಮುಳುಗಿದ್ದು, ಇಂಡಿಗೊ ಗೆದ್ದದ್ದು ಒಂದೇ ಮಾರುಕಟ್ಟೆಯಲ್ಲಿ, ಒಂದೇ ಬಗೆಯ ಒಡೆತನದಲ್ಲಿ. ತಪ್ಪು ನಿರ್ಧಾರದ ಬೆಲೆಯನ್ನು ತೆರಬೇಕಾದವರೇ ಆ ನಿರ್ಧಾರ ಮಾಡುತ್ತಾರೆಯೇ ಎಂಬುದು ಷೇರು ಯಾರದ್ದು ಎಂಬುದಕ್ಕಿಂತ ದೊಡ್ಡ ಪ್ರಶ್ನೆ.

ಏರ್ ಇಂಡಿಯಾ ಈಗ ಪೂರ್ತಿ ಖಾಸಗಿ ಎನ್ನುವವರು ಒಂದು ಲೆಕ್ಕ ಮರೆಯುತ್ತಾರೆ. 2024ರ ನವೆಂಬರ್‌ನಲ್ಲಿ ಟಾಟಾ ಮತ್ತು ಸಿಂಗಪುರ ಏರ್‌ಲೈನ್ಸಿನ ಜಂಟಿ ಸಂಸ್ಥೆ ವಿಸ್ತಾರ ವಿಲೀನವಾದ ಮೇಲೆ ಏರ್ ಇಂಡಿಯಾದ ಶೇ 25.1ರಷ್ಟು ಪಾಲು ಸಿಂಗಪುರ ಏರ್‌ಲೈನ್ಸಿನ ಕೈಸೇರಿದೆ. ಭಾರತ ಸರ್ಕಾರ ಬಿಟ್ಟುಕೊಟ್ಟ ಸಂಸ್ಥೆಯಲ್ಲಿ ಈಗ ಸಿಂಗಪುರ ಸರ್ಕಾರಕ್ಕೆ ಪರೋಕ್ಷ ಪಾಲಿದೆ.