ಕಡತಗಳ ಹುಂಡಿ

ಲೋಕವ್ಯವಹಾರವೆಲ್ಲ ಕೊಡುವ ಮತ್ತು ಪಡೆಯುವ ಕ್ರಿಯೆಗಳ ಮೇಲೆ ನಿಂತಿದೆ. ಕೊಡುವವನ ಔದಾರ್ಯವನ್ನು ನಾವು ಹೊಗಳುತ್ತೇವೆ. ಪಡೆಯುವವನ ಹೊಣೆಯನ್ನು ಕುರಿತು ಅಷ್ಟಾಗಿ ವಿಚಾರಿಸುವುದಿಲ್ಲ. ಪರರ ವಸ್ತು ನಮ್ಮ ಮನೆಯ ಹೊಸ್ತಿಲು ದಾಟಿದ ಗಳಿಗೆಯಿಂದ ಅದನ್ನು ಕಾಯುವ ಭಾರ ನಮ್ಮದಾಗುತ್ತದೆ. ಹಣ, ಒಡವೆಗಳ ವಿಷಯದಲ್ಲಿ ನಮ್ಮ ಹಿರಿಯರು ಇದನ್ನು ಚೆನ್ನಾಗಿ ಅರಿತಿದ್ದರು. ಗಣಕಯಂತ್ರದ ಕಡತಗಳ ವಿಷಯದಲ್ಲಿ ನಾವು ಇದನ್ನು ಹೊಸದಾಗಿ ಕಲಿಯಬೇಕಾಗಿದೆ.

ಬಳ್ಳಾರಿಯ ಸತ್ಯನಾರಾಯಣಪೇಟೆಯಂತಹ ಬಡಾವಣೆಯಲ್ಲಿ ಒಂದು ಜೆರಾಕ್ಸ್ ಅಂಗಡಿಯನ್ನು ಕಲ್ಪಿಸಿಕೊಳ್ಳೋಣ. ಕಾಲೇಜು ಪ್ರವೇಶದ ದಿನಗಳು. ವಿದ್ಯಾರ್ಥಿಯ ಅಂಕಪಟ್ಟಿ, ರೈತನ ಪಹಣಿ, ಅಜ್ಜಿಯ ಆಧಾರ್ ಚೀಟಿ ಎಲ್ಲವೂ ಮೊಬೈಲಿನಲ್ಲಿವೆ. “ಈ ನಂಬರಿಗೆ ಕಳಿಸ್ರಿ” ಎನ್ನುತ್ತಾನೆ ಅಂಗಡಿಯವನು. ಕಡತ ಬರುತ್ತದೆ, ಮುದ್ರಣವಾಗುತ್ತದೆ, ಗಿರಾಕಿ ಹಣ ಕೊಟ್ಟು ಹೊರಡುತ್ತಾನೆ. ಆದರೆ ಕಾಗದ ಹೊರಟುಹೋದರೂ ಕಡತ ಅಲ್ಲಿಯೇ ಉಳಿಯುತ್ತದೆ. ಅದರೊಡನೆ ಕಳಿಸಿದವರ ದೂರವಾಣಿ ಸಂಖ್ಯೆಯೂ ಉಳಿಯುತ್ತದೆ. ಮುಂದೆ ಬಂದು ನಿಂತವರ ಕಣ್ಣಿಗೆ ಅದು ಬಿದ್ದರೂ ತಡೆಯುವವರಿಲ್ಲ. ಇಲ್ಲಿ ಯಾರೂ ಕಳ್ಳರಲ್ಲ. ಕಾವಲು ಮಾತ್ರ ಇಲ್ಲ.

ಕಡತ ಪಡೆಯಲು ಬೇರೆ ದಾರಿಗಳೂ ಉಂಟು. ಪೆನ್‌ಡ್ರೈವ್ ಯಂತ್ರದಿಂದ ಯಂತ್ರಕ್ಕೆ ವೈರಸ್ಸನ್ನೂ ಹೊತ್ತು ತರಬಲ್ಲದು. ಜಿಮೇಲ್ ಮೂಲಕ ಕಳಿಸುವ ಲಗತ್ತಿಗೆ 25 ಎಂಬಿ ಮಿತಿಯಿದೆ. ವಾಟ್ಸಾಪ್ ಸಂದೇಶ ದಾರಿಯಲ್ಲಿ ಗೂಢಲಿಪಿಯಲ್ಲಿ ಸಾಗುವುದೇನೋ ನಿಜ. ತಲುಪಿದ ಮೇಲೆ ಕಾಯುವ ಕೆಲಸ ಪಡೆದವನದೇ. ಇವುಗಳ ಜೊತೆಗೆ ಮತ್ತೊಂದು ದಾರಿಯಿದೆ. ಅದು ಸ್ವಂತ ಸರ್ವರ್. ಇತರ ಯಂತ್ರಗಳ ಕೋರಿಕೆಗಾಗಿ ಸದಾ ಕಾದಿದ್ದು ಅದನ್ನು ಪೂರೈಸುವ ಗಣಕಯಂತ್ರವೇ ಸರ್ವರ್. ಅದನ್ನು ಬೇರೊಬ್ಬರಿಂದ ಬಾಡಿಗೆಗೆ ಪಡೆಯದೆ ನಮ್ಮ ಮನೆಯಲ್ಲಿಯೋ ಅಂಗಡಿಯಲ್ಲಿಯೋ ಇರಿಸಿಕೊಂಡರೆ ಅದು ಸ್ವಂತದ್ದಾಗುತ್ತದೆ.

ಈ ವಿದ್ಯೆಯ ಬೇರಿನಲ್ಲಿ ಭಾರತೀಯರೊಬ್ಬರ ಹೆಸರಿರುವುದು ನಮಗೆ ಅಭಿಮಾನದ ಸಂಗತಿ. ಕಾನ್ಪುರದ ಐಐಟಿಯ ಮೊದಲ ತಂಡದಲ್ಲಿ ಓದಿದ ಅಭಯ್ ಭೂಷಣ್ ಅವರು ಅಮೆರಿಕದ ಎಂಐಟಿಯಲ್ಲಿದ್ದಾಗ, 1971ರ ಏಪ್ರಿಲ್‌ನಲ್ಲಿ, ಒಂದು ಯಂತ್ರದಿಂದ ಮತ್ತೊಂದಕ್ಕೆ ಕಡತ ಸಾಗಿಸುವ ನಿಯಮಗಳನ್ನು ಬರೆದರು. ಎಫ್‌ಟಿಪಿ ಎಂದು ಪ್ರಸಿದ್ಧವಾದುದು ಇದೇ. ಮುಂದೆ ಅನೇಕ ಸಂಸ್ಥೆಗಳು ಯಾರು ಬೇಕಾದರೂ ಕಡತವನ್ನು ತಂದು ಹಾಕಬಹುದಾದ ಕೋಶಗಳನ್ನು ತೆರೆದಿಟ್ಟವು. ಒಬ್ಬರು ಹಾಕಿದ್ದನ್ನು ಇನ್ನೊಬ್ಬರು ತೆಗೆದುಕೊಳ್ಳುವಂತಿದ್ದ ಕಡೆಗಳಲ್ಲಿ, ಅಪರಿಚಿತರು ಆ ಕೋಶಗಳನ್ನು ಕದ್ದ ಸರಕಿನ ಉಗ್ರಾಣವಾಗಿಸಿಕೊಂಡರು. ಆಗ ಯಂತ್ರಗಳ ಒಡೆಯರು ಒಂದು ಪಾಠ ಕಲಿತರು: ಬಾಗಿಲು ಒಳಕ್ಕೆ ಮಾತ್ರ ತೆರೆಯಬೇಕು.

ನಮ್ಮ ದೇವಾಲಯಗಳ ಹುಂಡಿ ಈ ಪಾಠವನ್ನು ಎಂದೋ ಹೇಳಿದೆ. ಭಕ್ತರು ಯಾರಾದರೂ ಅದರಲ್ಲಿ ಕಾಣಿಕೆ ಹಾಕಬಹುದು. ಒಳಗೇನಿದೆಯೆಂದು ಹೊರಗಿನವರಿಗೆ ಕಾಣದು; ಹಾಕಿದವರೂ ಮರಳಿ ತೆಗೆಯಲಾರರು. ಬೀಗದ ಕೈ ಹೊಣೆಗಾರರ ಬಳಿ ಇರುತ್ತದೆ. 2016ರಲ್ಲಿ ಜರ್ಮನಿಯಲ್ಲಿ ಮೊದಲಾದ ನೆಕ್ಸ್ಟ್‌ಕ್ಲೌಡ್ ಎಂಬ ಮುಕ್ತ ತಂತ್ರಾಂಶದಲ್ಲಿ ಇಂತಹುದೇ ಏರ್ಪಾಡಿದೆ. ಒಂದು ಕೋಶಕ್ಕೆ ಕೊಂಡಿ ಸಿದ್ಧಪಡಿಸಿ, ಅದರಲ್ಲಿ ಹಾಕಲು ಮಾತ್ರ ಅನುಮತಿ ಕೊಡಬಹುದು. ಕಳಿಸುವವರು ಆ ಕೊಂಡಿಯನ್ನು ತಮ್ಮ ಮೊಬೈಲಿನ ಬ್ರೌಸರಿನಲ್ಲಿ ತೆರೆದರೆ ಸಾಕು. ಅವರ ಬಳಿ ಯಾವ ಕಂಪನಿಯ ಸಾಧನವಿದೆ ಎಂಬುದು ಮುಖ್ಯವಲ್ಲ. ಖಾತೆ ತೆರೆಯಬೇಕಾಗಿಲ್ಲ, ದೂರವಾಣಿ ಸಂಖ್ಯೆಯನ್ನೂ ಕೊಡಬೇಕಾಗಿಲ್ಲ.

ನಮ್ಮ ಜೆರಾಕ್ಸ್ ಅಂಗಡಿಯಲ್ಲಿ ಇದನ್ನು ನಡೆಸಲು ಲಿನಕ್ಸ್ ಅಳವಡಿಸಿದ ಒಂದು ಹಳೆಯ ಗಣಕಯಂತ್ರವೂ ವೈ-ಫೈ ರೂಟರೂ ಸಾಕು. ಕೊಂಡಿಯನ್ನು ಕ್ಯೂಆರ್ ಸಂಕೇತವಾಗಿ ಮುದ್ರಿಸಿ ಗೋಡೆಗೆ ಅಂಟಿಸಬಹುದು. ಅಂಗಡಿಯ ವೈ-ಫೈಗೆ ಸೇರಿದ ಗಿರಾಕಿ ಕಳಿಸಿದ ಕಡತ ಗೋಡೆಯಾಚೆಗಿನ ಅಂತರಜಾಲವನ್ನು ಮುಟ್ಟದೆ, ಎದುರಿನ ಯಂತ್ರಕ್ಕೆ ನೇರವಾಗಿ ಬರುತ್ತದೆ. ಸಿರುಗುಪ್ಪದಲ್ಲಿಯೋ ಕುರುಗೋಡಿನಲ್ಲಿಯೋ ಕುಳಿತವರು ಕಳಿಸಬೇಕಾದರೆ ಮಾತ್ರ ತೊಡಕುಂಟು. ಅಂತರಜಾಲದ ಹಳೆಯ ಪದ್ಧತಿಯಲ್ಲಿ ಇರುವ ವಿಳಾಸಗಳು ಸುಮಾರು 429 ಕೋಟಿ. ಜಗತ್ತಿನ ಸಾಧನಗಳಿಗೆ ಅವು ಸಾಲವು. ಆದುದರಿಂದ ಒಂದೇ ವಿಳಾಸವನ್ನು ಅನೇಕ ಗ್ರಾಹಕರು ಹಂಚಿಕೊಳ್ಳುತ್ತಾರೆ. ಬೀದಿಗೆಲ್ಲ ಒಂದೇ ಮನೆಸಂಖ್ಯೆ ಇದ್ದರೆ ಅಂಚೆಯವನು ಎಲ್ಲಿಗೆ ಹೋದಾನು? ಅಂತಹ ಕಡೆ ಪ್ರತ್ಯೇಕ ವಿಳಾಸವನ್ನು ಕೇಳಿ ಪಡೆಯಬೇಕು, ಇಲ್ಲವೆ ನಡುವೆ ಮಧ್ಯವರ್ತಿ ಸರ್ವರೊಂದನ್ನು ಆಶ್ರಯಿಸಬೇಕು.

“ಆಳು ಮಾಡಿದ್ದು ಹಾಳು, ತಾನು ಮಾಡಿದ್ದು ಉತ್ತಮ” ಎಂಬ ಗಾದೆಯನ್ನು ಇಲ್ಲಿ ಎಚ್ಚರದಿಂದ ಅನ್ವಯಿಸಬೇಕು. ದೊಡ್ಡ ಸಂಸ್ಥೆಗಳಲ್ಲಿ ಯಂತ್ರಗಳನ್ನು ಹಗಲಿರುಳು ನೋಡಿಕೊಳ್ಳುವ ನಿಪುಣರಿದ್ದಾರೆ. ಸ್ವಂತ ಸರ್ವರ್ ಇಟ್ಟವನು ಆ ಕೆಲಸವನ್ನೆಲ್ಲ ತಾನೇ ಹೊರಬೇಕು. ವಿದ್ಯುತ್ತು ಹೋದಾಗ ಯುಪಿಎಸ್ ಬೇಕು. ನಲವತ್ತು ಡಿಗ್ರಿ ದಾಟುವ ಬಳ್ಳಾರಿಯ ಬೇಸಿಗೆಯಲ್ಲಿ ಯಂತ್ರಕ್ಕೆ ಗಾಳಿ ಬೇಕು. ತಂತ್ರಾಂಶವನ್ನು ಕಾಲಕಾಲಕ್ಕೆ ಪರಿಷ್ಕರಿಸಬೇಕು. ಬಂದ ಕಡತ ದಾರಿಯಲ್ಲಿ ಗೂಢಲಿಪಿಯಲ್ಲಿ ಸಾಗಿಬರಬೇಕು. ತೆರೆಯುವ ಮೊದಲು ವೈರಸ್ ತಪಾಸಣೆಯಾಗಬೇಕು. ಒಬ್ಬನೇ ಇಡೀ ಡಿಸ್ಕನ್ನು ತುಂಬಿಬಿಡದಂತೆ ಅಳತೆಗೆ ಮಿತಿಯಿರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಕೆಲಸ ಮುಗಿದ ಕಡತ ಅಳಿಸಿಹೋಗಬೇಕು. ದಿನದ ಕೊನೆಗೆ ಬರಿದಾಗದ ಹುಂಡಿ ಹಳೆಯ ಅಪಾಯವನ್ನೇ ಹೊಸ ಪೆಟ್ಟಿಗೆಯಲ್ಲಿಟ್ಟಂತೆ.

ಇಷ್ಟೆಲ್ಲ ಎಚ್ಚರ ಏಕೆ ಬೇಕು? ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ವ್ಯವಸ್ಥೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಆ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕೆಂದು ಏಕಮತದಿಂದ ಸಾರಿತು. 2023ರಲ್ಲಿ ವ್ಯಕ್ತಿಗತ ಮಾಹಿತಿಯ ರಕ್ಷಣೆಗಾಗಿ ಸಂಸತ್ತು ಕಾಯಿದೆ ಮಾಡಿತು. ಆದರೆ ನ್ಯಾಯಾಲಯ ತೀರ್ಪು ಕೊಡಬಲ್ಲದೇ ಹೊರತು ಪ್ರತಿ ಅಂಗಡಿಯ ಗಲ್ಲೆಯ ಮುಂದೆ ಕಾವಲು ನಿಲ್ಲಲಾರದು. ಅಜ್ಜಿಯ ಆಧಾರ್ ಚೀಟಿ ನಮ್ಮ ಯಂತ್ರಕ್ಕೆ ಬಂದಾಗ ಅವಳ ಹಕ್ಕು ನಮ್ಮ ಕೈಯಲ್ಲಿರುತ್ತದೆ. ನಂಬಿ ಕೊಟ್ಟುದನ್ನು ಬೇಕಾದಷ್ಟೇ ಬಳಸಿ, ಬೇಡವಾದೊಡನೆ ಅಳಿಸುವುದು ಯಂತ್ರದ ಗುಣವಲ್ಲ. ಅದು ಅದನ್ನು ಇರಿಸಿಕೊಂಡವನ ನಡತೆ.