ಹಲ್ಲಿನ ಕ್ಯಾಪ್: ತೇಯ್ದರೆ ಸಾಲದು, ಪಾಲಿಶ್ ಆಗಬೇಕು

ರೂಟ್ ಕೆನಾಲ್ ಮಾಡಿಸಿದ ಹಲ್ಲಿಗೆ ಕ್ಯಾಪ್ ಹಾಕಿಸಬೇಕೆಂಬುದು ಈಗ ಹೆಚ್ಚಿನ ಮನೆಗಳಲ್ಲಿ ಗೊತ್ತಿರುವ ಸಂಗತಿ. ಹಿಂದೆ ಹೆಚ್ಚಾಗಿ ಲೋಹದ ಕ್ಯಾಪ್ ಹಾಕುತ್ತಿದ್ದರು. ಈಗ ಹಲ್ಲಿನ ಬಣ್ಣದ್ದೇ ಆದ ಸೆರಾಮಿಕ್ ಮತ್ತು ಜಿರ್ಕೋನಿಯಾ ಕ್ಯಾಪ್‌ಗಳನ್ನು ಜನ ಕೇಳಿ ಹಾಕಿಸಿಕೊಳ್ಳುತ್ತಾರೆ. ಸಾವಿರಾರು ರೂಪಾಯಿ ಕೊಡುವಾಗ ನಾವು ಬಣ್ಣ ನೋಡುತ್ತೇವೆ, ವಾರಂಟಿ ಕಾರ್ಡ್ ಕೇಳುತ್ತೇವೆ. ಆದರೆ ಕ್ಯಾಪ್‌ನ ಮೇಲ್ಮೈ ನುಣುಪಾಗಿದೆಯೇ ಎಂದು ಕೇಳುವವರು ಕಡಿಮೆ. ಕ್ಯಾಪ್ ಎಷ್ಟು ಕಾಲ ಬಾಳುತ್ತದೆ, ಅದಕ್ಕೆ ಎದುರಾಗಿರುವ ನಿಮ್ಮ ಸ್ವಂತ ಹಲ್ಲು ಎಷ್ಟು ಸವೆಯುತ್ತದೆ ಎಂಬುದರಲ್ಲಿ ಈ ನುಣುಪಿನ ಪಾತ್ರ ದೊಡ್ಡದು.

ಕ್ಯಾಪ್ ಸುತ್ತ ವಸಡು ಊದಿಕೊಂಡಿದೆ, ಒಳ್ಳೆಯ ಮಂಜನ್ ಕೊಡಿ ಎಂದು ನಮ್ಮಂಥ ಯುನಾನಿ ವೈದ್ಯರ ಬಳಿ ಬರುವವರಿದ್ದಾರೆ. ಯುನಾನಿಯಲ್ಲಿ ‘ಸುನೂನ್’ ಎಂದು ಕರೆಯುವ ಹಲ್ಲುಪುಡಿಗಳು ಇವೆ, ನಿಜ. ಆದರೆ ಒರಟಾದ ಕ್ಯಾಪನ್ನು ನುಣುಪು ಮಾಡುವ ಪುಡಿ ಯಾವ ಪದ್ಧತಿಯಲ್ಲೂ ಇಲ್ಲ. ಅದು ದಂತವೈದ್ಯರ ಕುರ್ಚಿಯಲ್ಲೇ ಆಗಬೇಕಾದ ಕೆಲಸ.

ಕ್ಯಾಪ್ ಒರಟಾಗುವುದು ಹೇಗೆ?

ಲ್ಯಾಬ್‌ನಿಂದ ಬರುವಾಗ ಕ್ಯಾಪ್ ಹೊಳೆಯುತ್ತಿರುತ್ತದೆ. ಕೆಲವು ಕ್ಯಾಪ್‌ಗಳಿಗೆ ಕುಲುಮೆಯಲ್ಲಿ ಗಾಜಿನ ತೆಳು ಲೇಪ ಕೊಟ್ಟಿರುತ್ತಾರೆ. ಇದಕ್ಕೆ ಗ್ಲೇಜ್ ಎನ್ನುತ್ತಾರೆ. ಉಪ್ಪಿನಕಾಯಿಯ ಪಿಂಗಾಣಿ ಭರಣಿಯ ಹೊಳಪು ಬರುವುದೂ ಇಂಥ ಲೇಪದಿಂದಲೇ. ಇನ್ನು ಕೆಲವನ್ನು ಯಂತ್ರದಲ್ಲಿ ಉಜ್ಜಿ ಪಾಲಿಶ್ ಮಾಡಿರುತ್ತಾರೆ.

ಕ್ಯಾಪ್ ಕೂರಿಸಿದಾಗ ವೈದ್ಯರು ಬಣ್ಣದ ಕಾಗದ ಕಚ್ಚಿಸಿ ನೋಡುತ್ತಾರೆ. ಎಲ್ಲಿ ಎತ್ತರವಾಗಿ ತಾಗುತ್ತದೋ ಅಲ್ಲಿ ಗುರುತು ಬೀಳುತ್ತದೆ. ಆ ಜಾಗವನ್ನು ವಜ್ರದ ಕಣಗಳಿರುವ ಸಣ್ಣ ಬರ್‌ನಿಂದ ತೇಯುತ್ತಾರೆ. ಇದು ಬೇಕಾದ ಕೆಲಸವೇ. ಎತ್ತರವಾದ ಕ್ಯಾಪ್ ಹಾಗೇ ಬಿಟ್ಟರೆ ಹಲ್ಲು ನೋಯುತ್ತದೆ. ಆದರೆ ತೇಯ್ದ ಜಾಗದಲ್ಲಿ ಲೇಪ ಹೋಗಿ ಸಣ್ಣ ಗೀರುಗಳು ಉಳಿಯುತ್ತವೆ. ಕಣ್ಣಿಗೆ ಕಾಣದಿದ್ದರೂ ಎಷ್ಟೋ ಸಲ ನಾಲಿಗೆಗೆ ಗೊತ್ತಾಗುತ್ತದೆ.

ಗೀರಿನಿಂದ ಬಿರುಕು

ಗಾಜಿನ ಅಂಗಡಿಯಲ್ಲಿ ಗಾಜು ಕತ್ತರಿಸುವುದನ್ನು ನೋಡಿದ್ದೀರಲ್ಲವೇ? ಮೇಲೆ ಒಂದು ಗೆರೆ ಎಳೆದು ಸ್ವಲ್ಪ ಒತ್ತಿದರೆ ಗಾಜು ಆ ಗೆರೆಯಗುಂಟವೇ ಒಡೆಯುತ್ತದೆ. ಸೆರಾಮಿಕ್‌ನ ಸ್ವಭಾವವೂ ಹಾಗೆಯೇ. ಲೋಹ ಒತ್ತಡಕ್ಕೆ ಸ್ವಲ್ಪ ಬಾಗುತ್ತದೆ, ಸೆರಾಮಿಕ್ ಬಾಗುವುದಿಲ್ಲ. ಅಗಿಯುವಾಗಿನ ಒತ್ತಡವೆಲ್ಲ ಗೀರಿನ ತುದಿಯಲ್ಲಿ ಸೇರಿಕೊಳ್ಳುತ್ತದೆ. ದಿನವೂ ಅಗಿಯುತ್ತಾ ಹೋದಂತೆ, ಬಾಯಿಯ ತೇವವೂ ಸೇರಿ, ಆ ಗೀರು ನಿಧಾನವಾಗಿ ಬಿರುಕಾಗಿ ಬೆಳೆಯಬಹುದು. ಪಾಲಿಶ್ ಮಾಡಿದಾಗ ಗೀರುಗಳ ಆಳ ಕಡಿಮೆಯಾಗಿ, ಕಳೆದುಕೊಂಡ ಬಲದ ಬಹುಭಾಗ ಮರಳಿ ಬರುತ್ತದೆ.

ಎಲ್ಲ ಕ್ಯಾಪ್‌ಗಳ ಬಲ ಒಂದೇ ಅಲ್ಲ. ಹಳೆಯ ಮಾದರಿಯ ಪಿಂಗಾಣಿ ಸುಮಾರು 100 ಮೆಗಾಪ್ಯಾಸ್ಕಲ್‌ಗಿಂತ ಕಡಿಮೆ ಒತ್ತಡಕ್ಕೇ ಮುರಿಯುತ್ತದೆ. ಲಿಥಿಯಂ ಡೈಸಿಲಿಕೇಟ್ ಎಂಬ ಸೆರಾಮಿಕ್ ಸುಮಾರು 400, ಸಾಮಾನ್ಯ ಜಿರ್ಕೋನಿಯಾ ಸುಮಾರು 1000 ಮೆಗಾಪ್ಯಾಸ್ಕಲ್ ತಾಳುತ್ತವೆ.

ಜಿರ್ಕೋನಿಯಾಕ್ಕೆ ಇನ್ನೊಂದು ಗುಣವಿದೆ. ತೇಯ್ದಾಗ ಅದರ ಮೇಲ್ಪದರದ ಹರಳುಗಳು ರೂಪ ಬದಲಿಸಿ ಸುಮಾರು 4 ಶೇಕಡಾ ಹಿಗ್ಗುತ್ತವೆ. ಹಿಗ್ಗಿದ ಹರಳುಗಳು ಒಂದನ್ನೊಂದು ಒತ್ತಿ ಸಣ್ಣ ಬಿರುಕಿನ ಬಾಯಿ ಮುಚ್ಚುತ್ತವೆ. ಆದ್ದರಿಂದ ನೀರು ಹಾಯಿಸುತ್ತಾ ಹಗುರವಾಗಿ ತೇಯ್ದರೆ ದೊಡ್ಡ ಹಾನಿಯಿಲ್ಲ. ಆದರೆ ಈ ರಕ್ಷಣೆ ತೆಳುವಾದ ಮೇಲ್ಪದರಕ್ಕೆ ಮಾತ್ರ. ಗೀರು ಅದನ್ನು ದಾಟಿ ಒಳಗಿಳಿದರೆ ಜಿರ್ಕೋನಿಯಾ ಕೂಡ ದುರ್ಬಲವಾಗುತ್ತದೆ. ಅಂದಕ್ಕಾಗಿ ಮಾಡುವ ಹೆಚ್ಚು ಅರೆಪಾರದರ್ಶಕ ಜಿರ್ಕೋನಿಯಾದಲ್ಲಂತೂ ಈ ಗುಣ ಬಹಳ ಕಡಿಮೆ.

ಎದುರಿನ ಹಲ್ಲಿನ ಪಾಡು

“ಜಿರ್ಕೋನಿಯಾ ಬಹಳ ಗಟ್ಟಿ, ಎದುರಿನ ಹಲ್ಲನ್ನು ತಿಂದುಹಾಕುತ್ತದೆ” ಎಂಬ ಮಾತನ್ನು ನೀವು ಕೇಳಿರಬಹುದು. ಅದು ಹಲ್ಲಿನ ಎನಾಮೆಲ್‌ಗಿಂತ ಮೂರು ಪಟ್ಟಿಗೂ ಹೆಚ್ಚು ಗಟ್ಟಿ ಎಂಬುದು ನಿಜ. ಆದರೂ ಚೆನ್ನಾಗಿ ಪಾಲಿಶ್ ಮಾಡಿದ ಜಿರ್ಕೋನಿಯಾ, ಹಳೆಯ ಪಿಂಗಾಣಿಗಿಂತ ಕಡಿಮೆಯಾಗಿ ಎದುರಿನ ಹಲ್ಲನ್ನು ಸವೆಸುತ್ತದೆ ಎಂದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಹಾನಿ ಮಾಡುವುದು ಗಟ್ಟಿತನಕ್ಕಿಂತ ಹೆಚ್ಚಾಗಿ ಒರಟುತನ. ಗ್ಲೇಜ್ ಲೇಪ ಮಾತ್ರ ಇದ್ದರೆ ಅಗಿದು ಅಗಿದು ಅದು ಸವೆದು, ಕೆಳಗಿನ ಒರಟು ಮೈ ಹೊರಬರುತ್ತದೆ. ಆದ್ದರಿಂದ ಹಲ್ಲಿಗೆ ಹಲ್ಲು ತಾಗುವ ಜಾಗದಲ್ಲಿ ಪಾಲಿಶ್ ಹೆಚ್ಚು ನಂಬಿಕಸ್ಥ. ನೆನಪಿಡಿ, ಒಡೆದ ಕ್ಯಾಪನ್ನು ಬದಲಿಸಬಹುದು. ಸವೆದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ.

ಒರಟು ಮೈಯಲ್ಲಿ ಪಾಚಿಯೂ ಬೇಗ ಕಟ್ಟುತ್ತದೆ. ಒರಟುತನ 0.2 ಮೈಕ್ರಾನ್ ಮೀರಿದರೆ ರೋಗಾಣುಗಳು ಹೆಚ್ಚು ಅಂಟಿಕೊಳ್ಳುತ್ತವೆ ಎಂಬುದು ದಂತವೈದ್ಯಕೀಯದಲ್ಲಿ ಬಳಕೆಯಲ್ಲಿರುವ ಅಳತೆ. ತಲೆಗೂದಲಿನ ದಪ್ಪದ ಸುಮಾರು ಮುನ್ನೂರರಲ್ಲಿ ಒಂದು ಪಾಲು ಎಂದುಕೊಳ್ಳಿ. ವಸಡಿನ ಅಂಚಿನಲ್ಲಿ ಕ್ಯಾಪ್ ಒರಟಾಗಿದ್ದರೆ ಊತ, ರಕ್ತ, ಬಾಯಿವಾಸನೆ ಬರುವುದು ಹೀಗೆ.

ಕ್ಯಾಪ್‌ನ ಒಳಮೈ ಮಾತ್ರ ಕನ್ನಡಿಯಂತೆ ಇರಬೇಕಿಲ್ಲ. ಅಂಟು ಹಿಡಿಯಲೆಂದು ಅದನ್ನು ಬೇಕೆಂದೇ ಸ್ವಲ್ಪ ತರಿಯಾಗಿ ಮಾಡುತ್ತಾರೆ.

ನೀವು ಏನು ಕೇಳಬೇಕು?

ಸರಿಯಾದ ಪಾಲಿಶ್ ಒಂದೇ ಉಜ್ಜಿಗೆ ಆಗುವುದಿಲ್ಲ. ವಜ್ರದ ಪುಡಿ ಸೇರಿಸಿದ ರಬ್ಬರ್ ಚಕ್ರಗಳಿಂದ, ಮೊದಲು ದಪ್ಪ ಕಣದ್ದು, ನಂತರ ನುಣ್ಣನೆಯದು ಹೀಗೆ ಎರಡು ಮೂರು ಹಂತದಲ್ಲಿ ಮಾಡಬೇಕು. ಇದಕ್ಕೆ ಕೆಲವು ನಿಮಿಷ ಸಾಕು.

• ಅಂಟಿಸುವ ಮೊದಲೇ ಎತ್ತರ ಸರಿನೋಡಬಹುದೇ ಎಂದು ಕೇಳಿ. ಕೈಯಲ್ಲಿರುವಾಗ ಪಾಲಿಶ್ ಮಾಡುವುದು ಸುಲಭ. ತೀರಾ ತೆಳುವಾದ ಕೆಲವು ಸೆರಾಮಿಕ್ ಕ್ಯಾಪ್‌ಗಳನ್ನು ಅಂಟಿಸಿದ ಮೇಲೆಯೇ ಕಚ್ಚಿಸಿ ನೋಡಬೇಕಾಗುತ್ತದೆ.
• ತೇಯ್ದ ಮೇಲೆ “ಡಾಕ್ಟರೇ, ಈ ಜಾಗ ಪಾಲಿಶ್ ಮಾಡಿದಿರಾ?” ಎಂದು ಸಂಕೋಚವಿಲ್ಲದೆ ಕೇಳಿ.
• ಏಳುವ ಮೊದಲು ನಾಲಿಗೆ ಆಡಿಸಿ ನೋಡಿ. ಮರಳಿನಂತೆ ತರಿತರಿ ಅನ್ನಿಸಿದರೆ ಆಗಲೇ ಹೇಳಿ. ಬಾಯಿ ಮರಗಟ್ಟಿದ್ದರೆ ಮರುದಿನ ನೋಡಿ.
• ಹಳೆಯ ಕ್ಯಾಪನ್ನು ಎಂದಾದರೂ ತೇಯಿಸಿದ್ದರೆ ಮುಂದಿನ ತಪಾಸಣೆಯಲ್ಲಿ ತೋರಿಸಿ.

ಮನೆಯಲ್ಲಿ ಪಾಲಿಸಬೇಕಾದದ್ದು

ಇದ್ದಿಲು, ಇಟ್ಟಿಗೆ ಪುಡಿ, ಹರಳುಪ್ಪು ಇರುವ ಒರಟು ಮಂಜನ್‌ನಿಂದ ಕ್ಯಾಪ್ ಉಜ್ಜಬೇಡಿ. ಮೆತ್ತನೆಯ ಬ್ರಷ್ ಸಾಕು. ಮಿಸ್ವಾಕ್ ಬಳಸುವವರು ತುದಿಯನ್ನು ನೆನೆಸಿ, ನಾರು ಮೆದುವಾದ ಮೇಲೆ ಬಳಸಿ. ಆಮ್ಲೀಯ ಫ್ಲೋರೈಡ್ ಜೆಲ್ ಸೆರಾಮಿಕ್‌ನ ಹೊಳಪನ್ನು ಕೊರೆಯುತ್ತದೆ. ಫ್ಲೋರೈಡ್ ಹಚ್ಚಿಸುವಾಗ ಕ್ಯಾಪ್ ಇದೆಯೆಂದು ಮೊದಲೇ ತಿಳಿಸಿ. ಎಲುಬು, ಗಟ್ಟಿ ಅಡಿಕೆ, ಐಸ್ ಕಡಿಯಬೇಡಿ. ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸವಿದ್ದರೆ ಕ್ಯಾಪ್ ಹಾಕಿಸುವ ಮೊದಲೇ ವೈದ್ಯರಿಗೆ ಹೇಳಿ.

ಮನೆಯ ಹಿರಿಯರು ಕ್ಯಾಪ್ ಹಾಕಿಸಲು ಹೋಗುವಾಗ ಜೊತೆಗೆ ಯಾರಾದರೂ ಹೋಗಿ. ಅವರು ಕೇಳಲು ಹಿಂಜರಿಯುವ ಈ ಒಂದು ಪ್ರಶ್ನೆಯನ್ನು ನೀವು ಕೇಳಿ.